ವಾರ ಹಿಡಿದ ಹುಡುಗಿ

ನನ್ನ ಮಗಳು ಸೋಮವಾರ ಹಿಡಿದಿದ್ದಾಳೆ ಎಂಬ ಸುದ್ದಿಯನ್ನು ನಮ್ಮವ್ವ ಮೊದಲು ಹೇಳಿದ್ದು ನನಗಲ್ಲ, ರಾಯಚೂರಿನಲ್ಲಿರುವ ನನ್ನ ಚಿಕ್ಕಮ್ಮನಿಗೆ. ನಾನು ಆಫೀಸಿನಿಂದ ಬಂದು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ. ಹಾಲ್‌ನಲ್ಲಿ ಅವ್ವ ಫೋನನ್ನು ಸ್ಪೀಕರಿಗೆ ಹಾಕಿಕೊಂಡು ಕೂತಿದ್ದಳು. "ಏನ್ ಹೇಳ್ಲೆವ್ವಾ ನಿನಗ! ಹನ್ನೊಂದು ವರ್ಷದ ಹುಡುಗಿ. ತಾನಾಗೇ ಬಂದು, ಅಜ್ಜಿ, ನಾನೂ ಶ್ರಾವಣ ಸೋಮಾರ ಒಪ್ಪತ್ತು ಮಾಡ್ತೀನಿ ಅಂದ್ಲು. ಮುಂಜಾನಿಂದ ಒಂದು ಹನಿ ಹಾಲು ಸೈತ ಬಾಯಿಗಿ ಹಾಕಿಲ್ಲ. ಈ ಕಾಲದಾಗ ಎಲ್ಲೆರೆ ಕಂಡೀ ಏನು ಇಂಥಾ ಕೂಸನ್ನ?" ಆ ಕಡೆಯಿಂದ ಚಿಕ್ಕಮ್ಮ ಅಯ್ಯಯ್ಯೋ ನಮ್ಮವ್ವಾ ಎಂದು ಮೆಚ್ಚುತ್ತಿದ್ದಳು. ಮಗಳು ದೇವರ ಮುಂದೆ ಕಾಲು ಮಡಚಿ ಕೂತು, ಫ್ರಾಕಿನ ಅಂಚನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ನನ್ನನ್ನು ಕಂಡು ನಕ್ಕಳು. ಆ ನಗು ನನಗೆ ಸೇರಲಿಲ್ಲ.

ನಮ್ಮ ಕಡೆ ವಾರ ಹಿಡಿಯುವುದೆಂದರೆ ವಾರದಲ್ಲೊಂದು ದಿನವನ್ನು ದೇವರ ಹೆಸರಿಗೆ ಬಿಟ್ಟು, ಅವತ್ತು ಸಂಜೆ ಪೂಜೆಯಾದ ಮೇಲೆ ಒಂದೇ ಹೊತ್ತು ಉಣ್ಣುವುದು. ಆ ಒಂದು ಹೊತ್ತಿನ ಊಟಕ್ಕೇ ಒಪ್ಪತ್ತು ಅನ್ನುವುದು. ನಮ್ಮ ಮನೆಯ ಹೆಂಗಸರಿಗೆ ಇದು ಕುಂಕುಮ ಹಚ್ಚಿಕೊಂಡಷ್ಟು ಸಹಜ. ಅವ್ವನದು ಸೋಮವಾರ, ಚಿಕ್ಕಮ್ಮನದು ಗುರುವಾರ, ನಮ್ಮತ್ತೆಯದು ಶನಿವಾರ. ವಾರ ಹಿಡಿದವರಿಗೆ ಉಣ್ಣು ಎಂದು ಬಲವಂತ ಮಾಡುವಂತಿಲ್ಲ. ಯಾಕೆ ಹಿಡಿದೆ ಎಂದು ಕೆದಕುವಂತೆಯೂ ಇಲ್ಲ, ಕೆದಕಿದರೆ ಫಲ ಹೋಗುತ್ತದಂತೆ. ಯಾರಾದರೂ ಸುಮ್ಮನೆ ಒಂದು ಹೊತ್ತು ಊಟ ಬಿಟ್ಟರೆ ಯಾಕೆ, ಏನಾಯಿತು, ಯಾರು ಏನಂದರು ಎಂದು ಪ್ರಾಣ ತಿನ್ನುವ ಜನ ನಾವು. ಅದೇ ದೇವರ ಹೆಸರು ಹೇಳಿ ಬಿಟ್ಟರೆ ಕೈ ಮುಗಿದು ಪಕ್ಕಕ್ಕೆ ಸರಿಯುತ್ತೇವೆ. ಇಂಥದ್ದೊಂದು ಬಾಗಿಲು ನಮ್ಮ ಮನೆಯಲ್ಲಿದೆ, ಅದರ ಹಿಂದೆ ಹೋಗಿ ಕೂತರೆ ಯಾರೂ ತಟ್ಟುವುದಿಲ್ಲ ಎಂಬುದು ನನ್ನ ಮಗಳಿಗೆ ಹೇಗೆ ಗೊತ್ತಾಯಿತೋ ನಾ ಕಾಣೆ.

ಹೈದರಾಬಾದಿನ ಮಣಿಕೊಂಡದ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವಳ ಗಂಟಲು ಕೇಳದವರು ಯಾರೂ ಇರಲಿಲ್ಲ. ಬಾಯಿ ಅಂದರೆ ಬೊಂಬಾಯಿ. ಆಟೋದವನು ಹೆಚ್ಚಿಗೆ ಕೇಳಿದರೆ ನನಗಿಂತ ಮೊದಲು ಹಿಂದಿಯಲ್ಲಿ ಜಗಳಕ್ಕೆ ನಿಲ್ಲುವವಳು, ತರಕಾರಿಯವಳ ಹತ್ತಿರ ತೆಲುಗಿನಲ್ಲಿ ಚೌಕಾಸಿ ಮಾಡುವವಳು, ಮನೆಗೆ ಬಂದರೆ ಅಜ್ಜಿಯ ಕೂಡ ಕನ್ನಡದಲ್ಲಿ ಕಾದಾಡುವವಳು. ಬದನೆಕಾಯಿ ಎಣಗಾಯಿ ತಾಟಿಗೆ ಬಿದ್ದರೆ ರಂಪ. ಕಾರಿನಲ್ಲಿ ಕಿಟಕಿ ಪಕ್ಕ ಸಿಗದಿದ್ದರೆ ಶಂಶಾಬಾದ್ ಬರುವವರೆಗೂ ರಂಪ. ನನ್ನ ಗಂಡನಿಗೆ ಅಲ್ಲಿ ಏರ್‌ಪೋರ್ಟಿನ ಕಾರ್ಗೋ ವಿಭಾಗದಲ್ಲಿ ಕೆಲಸ, ರಜೆಯ ದಿನ ವಿಮಾನ ಇಳಿಯುವುದನ್ನು ತೋರಿಸಲು ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರೂ ಕೂಡಿದರೆ ಮನೆ ಮೀನಿನ ಮಾರ್ಕೆಟ್ಟು ಎಂದು ಅವರು ಕಾಡಿಸುತ್ತಿದ್ದರು. ಈ ಹುಡುಗಿಗೆ ಸ್ವಲ್ಪ ಶಾಣ್ಯಾತನ ಕೊಡಪ್ಪಾ ಎಂದು ಅವ್ವ ದಿನಾ ದೇವರಿಗೆ ಊದಿನಕಡ್ಡಿ ಬೆಳಗುತ್ತಿದ್ದಳು. ನಮ್ಮ ಮಾತಿನಲ್ಲಿ ಶಾಣ್ಯಾ ಅಂದರೆ ಜಾಣರಷ್ಟೇ ಅಲ್ಲ, ಹೇಳಿದ ಹಾಗೆ ಕೇಳಿಕೊಂಡು, ಕೊಟ್ಟದ್ದನ್ನು ತಿಂದು, ಸುಮ್ಮನಿರುವ ಮಕ್ಕಳು.

ಆ ವರ್ಷ ಬೇಸಿಗೆ ರಜೆ ಮುಗಿದು ಶಾಲೆ ಶುರುವಾದ ಮೇಲೆ ಅವಳ ಗಂಟಲು ಇಳಿಯುತ್ತ ಬಂತು. ಮೊದಲು ನಿಂತದ್ದು ಜಗಳ. ಆಮೇಲೆ ಬೇಕು ಬೇಡಗಳು ನಿಂತವು. ದೋಸೆ ಮಾಡಲೋ ಉಪ್ಪಿಟ್ಟು ಮಾಡಲೋ ಎಂದರೆ "ಯಾವ್ದಾದ್ರೂ ನಡೀತೈತಿ ಮಮ್ಮಿ." ರವಿವಾರ ಎಲ್ಲಿಗೆ ಹೋಗೋಣ ಎಂದರೆ "ಎಲ್ಲೆರೆ ನಡೀತೈತಿ." ಎಣಗಾಯಿ ಬಡಿಸಿದರೂ ಸುಮ್ಮನೆ ಕಲಸಿ, ಎರಡು ತುತ್ತು ತಿಂದಂತೆ ಮಾಡಿ ಏಳುತ್ತಿದ್ದಳು. ಜೀವಕ್ಕಿಂತ ಹೆಚ್ಚಾಗಿ ನೋಡಿಕೊಳ್ಳುತ್ತಿದ್ದ ಸ್ಕೇಟಿಂಗ್ ಶೂಗಳನ್ನು ನನ್ನ ಮೈದುನನ ಮಗಳಿಗೆ ಕೊಟ್ಟುಬಿಟ್ಟಳು. ಬೆಳಿಗ್ಗೆ ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಅನ್ನುವಳು, ಬಸ್ಸು ಹೋದ ಮೇಲೂ ಆ ನೋವು ಹೋಗುತ್ತಿರಲಿಲ್ಲ, ಹಾಗಾಗಿ ಅದು ನೆಪ ಎಂದು ಬೈಯಲಿಕ್ಕೂ ಆಗುತ್ತಿರಲಿಲ್ಲ. ಒಮ್ಮೆ ಮಾತ್ರ ಜಡೆ ಹಾಕುವಾಗ ಕೂದಲು ಎಳೆಯಿತು ಎಂದು ಬಾಚಣಿಗೆ ಕಸಿದು ಗೋಡೆಗೆ ಎಸೆದಳು. ನಾನೂ ಸುಮ್ಮನಿರುವವಳಲ್ಲ, ಕಿರುಚಿದೆ. ಮೊದಲಾಗಿದ್ದರೆ ತಿರುಗಿ ಕಿರುಚುತ್ತಿದ್ದಳು. ಈಗ ಬಗ್ಗಿ ಬಾಚಣಿಗೆ ಎತ್ತಿ ನನ್ನ ಕೈಗೆ ಕೊಟ್ಟು, ಬೆನ್ನು ತಿರುಗಿಸಿ ಕೂತಳು.

ಶ್ರಾವಣ ಮುಗಿದರೂ ಸೋಮವಾರ ಮುಗಿಯಲಿಲ್ಲ. ಅದಕ್ಕೆ ಗುರುವಾರ ಸೇರಿತು, ಆಮೇಲೆ ಶನಿವಾರ. ನಡುವೆ ಏಕಾದಶಿ, ಸಂಕಷ್ಟಿ. ಸಂಜೆ ಪೂಜೆಯಾದ ಮೇಲೆ ಅವ್ವ ಸಾಬೂದಾಣಿ ಖಿಚಡಿಯನ್ನೋ ಹಾಲು-ಬಾಳೆಹಣ್ಣನ್ನೋ ಮುಂದಿಟ್ಟರೆ ಬೆರಳ ತುದಿಯಿಂದ ಮುಟ್ಟಿ "ಸಾಕಜ್ಜಿ" ಅನ್ನುವಳು. "ಇಷ್ಟ ಉಂಡ್ರ ಏನಾತವಾ?" ಎಂದರೆ "ದೇವ್ರಿಗಿ ಬಿಟ್ಟೀನಿ" ಎನ್ನುವಳು. ಅವ್ವನ ಕಣ್ಣು ತುಂಬಿ ಬರುತ್ತಿತ್ತು. ಎದುರು ಫ್ಲ್ಯಾಟಿನ ತೆಲುಗು ಆಂಟಿ ಬಂದು "ಎಂತ ಮಂಚಿ ಪಿಲ್ಲ ಅಂಡೀ!" ಎಂದು ಗಲ್ಲ ಮುಟ್ಟಿ ನೆಟಿಕೆ ಮುರಿಯುತ್ತಿದ್ದರು. ಎಷ್ಟು ಒಳ್ಳೆಯ ಮಗು ಎಂದು ಅವರ ಮಾತು. ಅವರ ಮಗ ಪಿಜ್ಜಾ ಬಿಟ್ಟು ಬೇರೆ ಏನನ್ನೂ ಮುಟ್ಟನಂತೆ. ನನ್ನ ಮಗಳು ಅವರಿಗೆ ನೀರು ತಂದುಕೊಟ್ಟು, ಕೂತಲ್ಲೇ ಮತ್ತೆ ಹೋಗಿ ಕೂತಳು.

ದಸರೆಯಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಮೈಮೇಲೆ ಮುಳ್ಳು ಏಳುತ್ತವೆ. ನವರಾತ್ರಿಗೆ ನಮ್ಮ ಬ್ಲಾಕಿನ ಹೆಂಗಸರೆಲ್ಲ ಸೇರಿ ಕುಮಾರಿ ಪೂಜೆ ಇಟ್ಟುಕೊಂಡರು. ಇನ್ನೂ ದೊಡ್ಡವಳಾಗಿಲ್ಲ, ಇಷ್ಟೊಂದು ವಾರ ಹಿಡಿದವಳು ಬೇರೆ, ಇವಳನ್ನು ಬಿಟ್ಟು ಯಾರನ್ನು ಕೂರಿಸುವುದು ಎಂದು ನನ್ನ ಮಗಳನ್ನೇ ಆರಿಸಿದರು. ರೇಷ್ಮೆ ಲಂಗ ಉಡಿಸಿ, ಹೂವಿನ ಜಡೆ ಹಾಕಿ, ಮಣೆಯ ಮೇಲೆ ಕೂರಿಸಿದರು. ತಾಟಿನಲ್ಲಿ ಅವಳ ಪಾದ ಇಟ್ಟು ತೊಳೆದರು, ಅರಿಶಿಣ ಹಚ್ಚಿದರು, ಆರತಿ ಎತ್ತಿದರು. ನನಗಿಂತ ದೊಡ್ಡ ಹೆಂಗಸರು ಒಬ್ಬೊಬ್ಬರಾಗಿ ಬಂದು ಆ ಪಾದಕ್ಕೆ ಹಣೆ ಹಚ್ಚಿದರು. ಅಷ್ಟು ಹೊತ್ತೂ ಅವಳು ಅಲುಗಾಡಲಿಲ್ಲ. ಯಾರೋ ಸೆಂಟು ಹೊಡೆದರೂ ಸೀನಲಿಲ್ಲ, ಮೂಗಿನ ಮೇಲೆ ನೊಣ ಕೂತರೂ ಓಡಿಸಲಿಲ್ಲ. "ಸಾಕ್ಷಾತ್ ಅಮ್ಮವಾರೇ", ದೇವಿಯೇ ಬಂದು ಕೂತಂತಿದೆ ಎಂದು ಎಲ್ಲರೂ ಉದ್ಗರಿಸಿದರು. ಆರತಿಯ ಬೆಳಕಿನಲ್ಲಿ ನಾನು ಆ ಕಣ್ಣುಗಳನ್ನು ನೋಡಿದೆ. ಅಲ್ಲಿ ನನ್ನ ಮಗಳು ಇರಲಿಲ್ಲ. ಆ ಕಣ್ಣುಗಳನ್ನು ನಾನು ಇದಕ್ಕೂ ಮೊದಲು ನೋಡಿದ್ದೆ, ಅದೂ ನಮ್ಮ ಮನೆಯಲ್ಲೇ.

ನನಗೆ ಒಬ್ಬ ಅಕ್ಕ ಇದ್ದಳು. ಈ ಒಂದು ಮಾತನ್ನು ನಮ್ಮ ಮನೆಯಲ್ಲಿ ಯಾರೂ ಆಡುವುದಿಲ್ಲ. ಅವಳ ಫೋಟೋ ಗೋಡೆಯ ಮೇಲಿಲ್ಲ, ಅವಳ ಹೆಸರನ್ನು ಯಾರ ಮಕ್ಕಳಿಗೂ ಇಟ್ಟಿಲ್ಲ. ಆಗ ನಾವು ರಾಯಚೂರು ಕಡೆಯ ಒಂದು ಸಣ್ಣ ಊರಿನಲ್ಲಿದ್ದೆವು, ಅಪ್ಪನದು ಅಲ್ಲಿ ಬಟ್ಟೆ ಅಂಗಡಿ. ನಾನು ಇನ್ನೂ ಸಣ್ಣ ಶಾಲೆ, ಅಕ್ಕ ಹದಿನೈದರವಳು. ಅವಳೂ ಮೊದಲು ಮಾತಿನ ಮಲ್ಲಿ. ನೋಡ ನೋಡುತ್ತ ಮಾತು ಕಡಿಮೆಯಾಯಿತು, ಆಮೇಲೆ ಹದಿನಾರು ಸೋಮವಾರದ ವ್ರತ ಹಿಡಿದಳು. ಒಳ್ಳೆಯ ಗಂಡ ಸಿಗಲಿ ಎಂದು ಹಿಡಿದಿದ್ದಾಳೆ ಎಂದು ಓಣಿಯ ಹೆಂಗಸರು ನಕ್ಕರು. ಅಪ್ಪ ಹಿಗ್ಗಿ ಅಂಗಡಿಯಿಂದ ಒಂದು ಇಳಕಲ್ ಸೀರೆ ತಂದು ಕೊಟ್ಟ. ಅವಳ ಮುಖ ಸೊರಗಿದರೆ ವ್ರತದ ಕಳೆ ಎಂದರು. ಮೂಲೆಯಲ್ಲಿ ಕೂತರೆ ಧ್ಯಾನ ಎಂದರು. ಹದಿನಾರು ಮುಗಿಯಲಿಲ್ಲ. ಒಂದು ಸೋಮವಾರ ನಾನು ಶಾಲೆಯಿಂದ ಬಂದಾಗ ಮನೆ ತುಂಬ ಜನ. ಜ್ವರ ನೆತ್ತಿಗೇರಿ ಅಕ್ಕ ಹೋದಳು ಎಂದು ಹೇಳಿದರು. ಆದರೆ ಅವತ್ತು ಬೆಳಿಗ್ಗೆ ನನಗೆ ಜಡೆ ಹಾಕಿದ್ದು ಅವಳೇ. ನನ್ನ ಕತ್ತಿಗೆ ತಾಗಿದ ಅವಳ ಕೈ ತಣ್ಣಗಿತ್ತು. ಎಂಥ ಜ್ವರವೂ ಅಲ್ಲಿ ಇರಲಿಲ್ಲ ಎಂದು ನನಗೆ ಆ ವಯಸ್ಸಿನಲ್ಲೇ ಗೊತ್ತಿತ್ತು. ಹೇಳಲು ಹೋದರೆ ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

ಹೀಗೆ ದಸರೆ ಕಳೆದ ಮೇಲೆ ನಾಲ್ಕೇ ಜನರ ನಮ್ಮ ಫ್ಲ್ಯಾಟಿನಲ್ಲಿ ಐದು ಜನ ಇರುವ ಹಾಗೆ ನನಗೆ ಅನಿಸತೊಡಗಿತು. ಲಿಫ್ಟು ನಿಂತ ಸದ್ದಾದರೆ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತಿದ್ದೆ. ಒಂದು ಮಧ್ಯಾಹ್ನ ತಲೆನೋವೆಂದು ಆಫೀಸಿನಿಂದ ಬೇಗ ಬಂದೆ. ಅವ್ವ ಕೆಳಗೆ ಹೆಂಗಸರ ಜೊತೆ ಪಾರ್ಕಿನಲ್ಲಿದ್ದಳು. ಮಗಳು ಶಾಲೆಯ ಸಮವಸ್ತ್ರದಲ್ಲೇ, ಬೂಟನ್ನೂ ಬಿಚ್ಚದೆ, ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಮೊಣಕಾಲನ್ನು ಎದೆಗೆ ಒತ್ತಿಕೊಂಡು ಅಕ್ಕ ಮಲಗುತ್ತಿದ್ದ ಅದೇ ಭಂಗಿ. ಒಂದು ಕ್ಷಣ ನಾನು ಎಲ್ಲಿದ್ದೇನೆ ಎಂಬುದೇ ತಪ್ಪಿಹೋಯಿತು. ಬಾಗಿಲಲ್ಲಿ ನಿಂತು ಅಕ್ಕನ ಹೆಸರು ಹಿಡಿದು ಕೂಗಿಬಿಟ್ಟೆ. ಎಷ್ಟೋ ವರ್ಷಗಳ ಮೇಲೆ ಆ ಹೆಸರು ನನ್ನ ಬಾಯಲ್ಲಿ ಬಂದಿತ್ತು. ಮಂಚದ ಮೇಲಿನಿಂದ ಮಗಳು "ಹ್ಞಾಂ" ಎಂದಳು. ತಿರುಗಿ ನೋಡಲಿಲ್ಲ. ಅದು ಯಾರ ಹೆಸರು, ನನ್ನನ್ನು ಯಾಕೆ ಹಾಗೆ ಕರೆದೆ ಎಂದು ಕೇಳಲಿಲ್ಲ. ಯಾರ ಹೆಸರು ಹಿಡಿದು ಕರೆದರೂ ಓಗೊಟ್ಟು ಮುಗಿಸಿಬಿಡೋಣ ಎಂಬಷ್ಟು ದಣಿದ ದನಿ ಅದು. ನಾನು ಹೋಗಿ ಅವಳ ಬೂಟಿನ ಲೇಸು ಬಿಚ್ಚತೊಡಗಿದೆ.

ಅವತ್ತು ಸಂಜೆ ಗಂಡನ ಮುಂದೆ ಮಗಳ ವಿಷಯವನ್ನಷ್ಟೇ ಹೇಳಿಕೊಂಡೆ. ಅವರು ಒಳ್ಳೆಯ ಮನುಷ್ಯ, ಆದರೆ ಎಲ್ಲದಕ್ಕೂ ಸಮಾಧಾನ ಹುಡುಕುವ ಮನುಷ್ಯ. "ದೊಡ್ಡಾಕಿ ಆಗಾಕತ್ತಾಳ, ಅಷ್ಟ. ನೀ ಏನು, ಹುಡುಗಿ ಜಗಳಾಡಿದ್ರೂ ಒದರತಿ, ಸುಮ್ಕ ಇದ್ರೂ ಒದರತಿ" ಎಂದರು. "ಸುಮ್ಕಿರೂದು ಬ್ಯಾರೆ, ಇಲ್ಲದಂಗ ಇರೂದು ಬ್ಯಾರೆ ರೀ" ಎಂದೆ. ಅವರಿಗೆ ಅರ್ಥವಾಗಲಿಲ್ಲ. ಆದರೂ ನನ್ನ ಕಾಟಕ್ಕೆ ಮಕ್ಕಳ ಡಾಕ್ಟರ ಹತ್ತಿರ ಕರೆದೊಯ್ದರು. ರಕ್ತ ಕಡಿಮೆ ಇದೆ ಎಂದು ಟಾನಿಕ್ಕು ಬರೆದುಕೊಟ್ಟರು. ಶಾಲೆಯಲ್ಲಿ ಕೇಳಿದರೆ ಟೀಚರು ಬಾಯ್ತುಂಬ ಹೊಗಳಿದರು. ಹೋದ ವರ್ಷ ಇವಳ ಮೇಲೆ ದಿನಾ ಒಂದು ಕಂಪ್ಲೇಂಟು ಬರುತ್ತಿತ್ತಂತೆ, ಈ ವರ್ಷ ಒಂದೂ ಇಲ್ಲವಂತೆ. "ಮನೆಯಲ್ಲಿ ಏನು ಮಾಡಿದಿರಿ, ಬೇರೆಯವರಿಗೂ ಹೇಳಿ" ಎಂದರು. ನನಗೆ ಎಲ್ಲಿತ್ತೋ ಸಿಟ್ಟು, ಏನೂ ಮಾಡಿಲ್ಲ ಎಂದು ಗಟ್ಟಿಯಾಗಿ ಹೇಳಿ ಎದ್ದು ಬಂದೆ. ಪಾಪ, ಅವರದೇನು ತಪ್ಪು. ಗಲಾಟೆ ಮಾಡುವ ಮಗು ಎಲ್ಲರ ಕಣ್ಣಿಗೂ ಬೀಳುತ್ತದೆ. ಆರಿಹೋಗುವ ಮಗುವನ್ನು ನೋಡಿ ಎಲ್ಲರೂ ನೆಮ್ಮದಿ ಪಡುತ್ತಾರೆ.

ಜನವರಿಯಲ್ಲಿ ನಾಂಪಲ್ಲಿಯ ನುಮಾಯಿಷ್, ಅಂದರೆ ವರ್ಷಕ್ಕೊಮ್ಮೆ ನಡೆಯುವ ದೊಡ್ಡ ವಸ್ತುಪ್ರದರ್ಶನ, ಶುರುವಾಯಿತು. ಪ್ರತಿ ವರ್ಷ ಅವಳೇ ನಮ್ಮನ್ನು ಎಳೆದುಕೊಂಡು ಹೋಗುತ್ತಿದ್ದಳು, ಜೈಂಟ್ ವೀಲ್ ಹತ್ತದೆ ಮನೆಗೆ ಬರುತ್ತಿರಲಿಲ್ಲ. ಅಲ್ಲಿಗೆ ಹೋದರೆ ಸರಿಹೋಗುತ್ತಾಳೆ ಎಂದು ನನ್ನ ಗಂಡನ ನಂಬಿಕೆ. ನಾಲ್ಕೂ ಜನ ಹೋದೆವು. ಆ ಧೂಳು, ಆ ಮಿರ್ಚಿ ಬಜ್ಜಿಯ ವಾಸನೆ, ಬಳೆ ಅಂಗಡಿಗಳ ಮುಂದೆ ಹೆಂಗಸರ ನೂಕುನುಗ್ಗಲು, ಕಳೆದುಹೋದ ಮಕ್ಕಳ ಹೆಸರು ಕೂಗುವ ಮೈಕು. ಎಲ್ಲ ಹಾಗೇ ಇತ್ತು. ಗಂಡ ಉಮೇದಿನಿಂದ ಟಿಕೆಟ್ಟು ತಂದರು. ಅವಳು ಟಿಕೆಟ್ಟನ್ನು ಕೈಯಲ್ಲಿ ಹಿಡಿದು, ತಲೆಯೆತ್ತಿ ಚಕ್ರವನ್ನು ತುದಿಯವರೆಗೂ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಟಿಕೆಟ್ಟನ್ನು ಅಪ್ಪನ ಕಿಸೆಗೆ ವಾಪಸು ಹಾಕಿ, "ನೀವು ಹೋಗ್ರಿ ಪಪ್ಪಾ. ನಾ ಮ್ಯಾಲೆ ಹೋದ್ರ ಬರ್ತೀನೋ ಇಲ್ಲೋ" ಎಂದಳು. ಜೋಕು ಹೇಳುವವರ ಹಾಗೆ ಹೇಳಿದಳು. ಗಂಡ ಅವಳ ಕೈ ಹಿಡಿದು ಚಕ್ರದಿಂದ ದೂರ ಕರೆತಂದರು. ಅವ್ವ ಮಾತ್ರ ಪಕ್ಕದ ಅಂಗಡಿಯ ಉಪ್ಪಿನಕಾಯಿ ಜಾಡಿಗಳನ್ನು ನೋಡುತ್ತ, ಕೇಳದವಳ ಹಾಗೆ ನಿಂತಿದ್ದಳು. ಕೇಳಿದ್ದಳು. ಒಂದೇ ಜಾಡಿಯ ಮುಚ್ಚಳವನ್ನು ಮತ್ತೆ ಮತ್ತೆ ತಿರುಗಿಸಿ ಬಿಗಿ ಮಾಡುತ್ತಿದ್ದಳು.

ಮರುದಿನ ಮಗಳು ಶಾಲೆಗೆ ಹೋದ ಮೇಲೆ ನಾನು ರಜೆ ಹಾಕಿ, ಅಡುಗೆಮನೆಯಲ್ಲಿ ಅವ್ವನ ಎದುರು ಕೂತೆ. ಅವ್ವ ಅವರೆಕಾಳು ಸುಲಿಯುತ್ತಿದ್ದಳು. ಯಾವ ಪೀಠಿಕೆಯೂ ಹಾಕಲಿಲ್ಲ.

"ಯವ್ವಾ, ಅಕ್ಕನೂ ಹಿಂಗ ಇದ್ಲು."

"ಸತ್ತಾಕಿ ಹೆಸ್ರು ಯಾಕ ತಗೀತಿ ಮುಂಜಾನೆದ್ದು?"

"ನಾ ಹೆಸ್ರು ತಗೀಲಿಲ್ಲ. ನೀ ಮೂವತ್ತು ವರ್ಷ ಆಕಿ ಹೆಸ್ರು ತಗೀಲಾರದ ಇದ್ದಿ, ಅದಕ್ಕ ಈಗ ಆಕಿ ನಮ್ಮನ್ಯಾಗ ಬಂದು ಕುಂತಾಳ."

"ಜ್ವರ ಬಂದಿತ್ತಾಕಿಗಿ."

"ಜ್ವರ ಅಲ್ಲ ಬೇ."

"ಜ್ವರ!" ಎಂದು ಅವ್ವ ಕಾಳಿನ ಬುಟ್ಟಿಯನ್ನು ನೆಲಕ್ಕೆ ಕುಕ್ಕಿದಳು. ಕಾಳೆಲ್ಲ ಫ್ರಿಜ್ಜಿನ ಕೆಳಗೆ ಉರುಳಿದವು. "ನೀ ಏನ್ ಕಂಡೀ? ಎಷ್ಟಿದ್ದಿ ನೀ ಆಗ? ಊರಿನ ಬಾಯಿ ನಿನಗೇನ್ ಗೊತ್ತು? ನಿನ್ನ ಲಗ್ನ ಆಗಬೇಕಾಗಿತ್ತು, ನಿಮ್ಮಪ್ಪ ಅಂಗಡ್ಯಾಗ ಕುಂದ್ರಬೇಕಾಗಿತ್ತು. ಜ್ವರ ಅಂದೆ. ಅಂದು ಅಂದು, ಜ್ವರಾನ ಆತು."

ನನಗೆ ಅವಳ ಮೇಲೆ ಸಿಟ್ಟು ಬಂತು, ಅಳುವೂ ಬಂತು. ಎರಡೂ ಒಟ್ಟಿಗೆ ಬಂದರೆ ನನಗೆ ಸಿಟ್ಟೇ ಮೊದಲು ಬಾಯಿಗೆ ಬರುತ್ತದೆ. "ನನಗ ಒಬ್ಬಾಕೀನ ಕಳ್ಕೊಂಡದ್ದು ಸಾಕು. ಮನಸಿನ ಡಾಕ್ಟರ ಕಡೆ ಕರ್ಕೊಂಡು ಹೋಗಾಕತ್ತೀನಿ. ನೀ ವಾರದ ಪೂಜಿ ಸಾಮಾನು ದೇವ್ರ ಜಗಲಿ ಮ್ಯಾಲಿಂದ ತಗದಿಡು" ಎಂದೆ. ಅವ್ವ ಬಗ್ಗಿ ಫ್ರಿಜ್ಜಿನ ಕೆಳಗೆ ಕೈ ಹಾಕಿ ಕಾಳು ಆರಿಸುತ್ತಲೇ ಇದ್ದಳು. ತಲೆ ಎತ್ತದೆ, "ಹುಚ್ಚರ ಡಾಕ್ಟರ ಕಡೆ ನನ್ನ ಮೊಮ್ಮಗಳ್ನ ಒಯ್ತಿ ಅಂದ್ರ ನಾನೂ ಬರ್ತೀನಿ. ಆ ಡಾಕ್ಟರಗ ನಾಕು ಮಾತು ಅಂದೇ ಬರ್ತೀನಿ" ಎಂದಳು. ಜಗಳಕ್ಕೇ ಹೊರಟಿದ್ದಳು ಮುದುಕಿ.

ಈಗ ಯಾರಾದರೂ ಈ ವಿಷಯ ತೆಗೆದರೆ ಮೊದಲು ಕೇಳುವುದೇ ಕಾರಣ ಏನು ಎಂದು. ಶಾಲೆಯಲ್ಲಿ ಯಾರಾದರೂ ಹೊಡೆದರಾ, ಮನೆಯಲ್ಲಿ ಗಂಡ ಹೆಂಡಿರ ಜಗಳವಾ, ಫೋನು ಜಾಸ್ತಿ ನೋಡುತ್ತಿದ್ದಳಾ. ಕಾಲಿಗೆ ಚುಚ್ಚಿದ ಮುಳ್ಳಿನ ಹಾಗೆ ಕಾರಣವನ್ನು ಎಳೆದು ತೆಗೆದು ಅಂಗೈ ಮೇಲೆ ಇಡಬೇಕು ಅವರಿಗೆ. ನನ್ನ ಹತ್ತಿರ ಅಂಥದ್ದೇನೂ ಇಲ್ಲ, ಇವತ್ತಿಗೂ ಇಲ್ಲ. ಕಾರಣ ಕೇಳುವವರಿಗೆ ನಾನು ಕಟುವಾಗಿಯೇ ಹೇಳುತ್ತೇನೆ: ಅದನ್ನು ಆಮೇಲೆ ಹುಡುಕಿರಿ, ಮೊದಲು ನಿಮ್ಮ ಮಗು ತಾಟಿನ ಮುಂದೆ ಹೇಗೆ ಕೂರುತ್ತದೆ ನೋಡಿರಿ. ಮಗಳು ಈಗ ದೊಡ್ಡ ಕ್ಲಾಸು. ಆದರೂ ಅವಳು ಬಾತ್‌ರೂಮಿನಲ್ಲಿ ಸ್ವಲ್ಪ ತಡ ಮಾಡಿದರೆ ನಾನು ಬಾಗಿಲ ಹತ್ತಿರ ಹೋಗಿ ಟವೆಲ್ ಬೇಕೇನು ಎಂದು ಸುಮ್ಮನೆ ಕೇಳುತ್ತೇನೆ. ಟವೆಲ್ ಒಳಗೇ ಇದೆ ಎಂದು ಅವಳಿಗೂ ಗೊತ್ತು, ನನಗೂ ಗೊತ್ತು. "ಇಲ್ಲೇ ಐತಿ ಮಮ್ಮಿ" ಎನ್ನುತ್ತಾಳೆ. ಆ ದನಿ ಕೇಳಿದ ಮೇಲೆ ಒಲೆಯ ಕಡೆ ಹೋಗುತ್ತೇನೆ.

ಅವತ್ತು ನಾವು ಹೋದ ಮನಸಿನ ಡಾಕ್ಟರು ಹೆಂಗಸು, ಹೆಚ್ಚು ಕಡಿಮೆ ನನ್ನದೇ ವಯಸ್ಸು. ಕನ್ನಡ ಬರುತ್ತಿರಲಿಲ್ಲ, ಹಿಂದಿಯಲ್ಲೇ ಮಾತು. ಮೊದಲು ಮಗಳೊಬ್ಬಳನ್ನೇ ಒಳಗೆ ಕರೆದು ಮಾತಾಡಿಸಿದರು. ಹೊರಗಿನ ಬೆಂಚಿನ ಮೇಲೆ ನಾವು ಮೂವರು. ಅವ್ವ ಸೆರಗನ್ನು ಸೊಂಟಕ್ಕೆ ಸಿಗಿಸಿಕೊಂಡು, ತುಟಿ ಬಿಗಿದು, ಜಗಳದ ಮಾತುಗಳನ್ನು ಒಳಗೊಳಗೇ ಜೋಡಿಸಿಕೊಳ್ಳುತ್ತಿದ್ದಳು. ಆಮೇಲೆ ನಮ್ಮನ್ನೂ ಕರೆದರು. ಹುಡುಗಿ ಬಹಳ ಸಭ್ಯಳು, ಏನು ಕೇಳಿದರೂ ಎಲ್ಲ ಸರಿ ಇದೆ ಎನ್ನುತ್ತಾಳೆ, ಊಟದ ಮಾತು ತೆಗೆದರೆ ದೇವರ ಉಪವಾಸ ಎನ್ನುತ್ತಾಳೆ ಎಂದರು. ಅವರ ಮುಖದಲ್ಲಿ ಚಿಂತೆ ಇತ್ತು, ಆದರೆ ಹಿಡಿಯಲು ತುದಿ ಸಿಕ್ಕಿರಲಿಲ್ಲ. ಮಗಳು ಕುರ್ಚಿಯ ತುದಿಯಲ್ಲಿ ಕೂತು ಅದೇ ಹಾಳು ನಗು ನಗುತ್ತಿದ್ದಳು. ಮನೆತನದಲ್ಲಿ ಹಿಂದೆ ಯಾರಿಗಾದರೂ ಹೀಗೆ ಆಗಿತ್ತೇ ಎಂದು ಕೇಳಿದರು.

"ನನಗೊಬ್ಬ ಅಕ್ಕ ಇದ್ದಳು. ಹದಿನೈದಕ್ಕೆ ಹೋದಳು" ಎಂದೆ ಹಿಂದಿಯಲ್ಲಿ. ಮನೆಯಲ್ಲಿ ಬುಟ್ಟಿ ಕುಕ್ಕಿಸಿಕೊಂಡವಳು ನಾನು, ಅಪರಿಚಿತರ ಮುಂದೆ ಅವ್ವನ ಮಾನ ತೆಗೆಯಲು ಆಗಲಿಲ್ಲ. ಹೇಗೆ ಹೋದಳು ಎಂದು ಡಾಕ್ಟರು ಕೇಳಿದರು. ನನ್ನ ಗಂಡ ತಮಗೆ ಗೊತ್ತಿದ್ದದ್ದನ್ನು ಹೇಳಿದರು. ಮದುವೆಗೆ ಮೊದಲಿನಿಂದ ಅವರಿಗೆ ಹೇಳಿದ್ದೂ ಜ್ವರ ಎಂದಷ್ಟೇ. "ಬುಖಾರ್ ಸೇ."

"ಬುಖಾರ್ ನೈ ಥಾ."

ಅವ್ವನ ದನಿ. ಹೈದರಾಬಾದಿಗೆ ಬಂದ ಮೇಲೆ ತರಕಾರಿಯವರ ಜೊತೆ, ವಾಚ್‌ಮನ್ ಜೊತೆ ಕಲಿತ ಹರಕು ಹಿಂದಿ ಅವಳದು. ಸೊಂಟದಿಂದ ಸೆರಗು ಬಿಚ್ಚಿ, ಕೈಯಲ್ಲಿ ಹಿಡಿದುಕೊಂಡು, ಡಾಕ್ಟರನ್ನೇ ನೋಡುತ್ತ ಮತ್ತೆ ಹೇಳಿದಳು. "ಬುಖಾರ್ ನೈ ಥಾ ಡಾಕ್ಟರಮ್ಮಾ. ಮೇರಿ ಬೇಟಿ ಅಪ್ನೇ ಆಪ್ ಚಲೀ ಗಯೀ." ಜ್ವರ ಅಲ್ಲ, ನನ್ನ ಮಗಳು ತಾನಾಗೇ ಹೋದಳು. ಅಷ್ಟು ವರ್ಷ ನಮ್ಮ ಮಾತಿನಲ್ಲಿ ಹೇಳಲಾಗದ್ದನ್ನು ತನ್ನದಲ್ಲದ ಮಾತಿನಲ್ಲಿ ಹೇಳಿಬಿಟ್ಟಳು. ನನ್ನ ಗಂಡ ನನ್ನ ಕಡೆ ತಿರುಗಿದರು. ನಾನು ಅವರನ್ನು ನೋಡಲಿಲ್ಲ, ಮಗಳನ್ನು ನೋಡುತ್ತಿದ್ದೆ. ಅವಳ ಮುಖದ ನಗು ಹೋಗಿತ್ತು. ತನಗೊಬ್ಬ ದೊಡ್ಡಮ್ಮ ಇದ್ದಳು ಎಂಬುದೇ ಅವಳಿಗೆ ಆವತ್ತು ಗೊತ್ತಾದದ್ದು.

"ಅಜ್ಜಿ, ಆಕೀನೂ ವಾರ ಹಿಡದಿದ್ಲೇನು?" ಎಂದು ಕನ್ನಡದಲ್ಲಿ ಕೇಳಿದಳು.

"ಹ್ಞೂಂ ಕೂಸ. ಸೋಮಾರ ಹಿಡದಿದ್ಲು."

"ನೀವೆಲ್ಲಾ ಏನಂದ್ರಿ?"

"ಶಾಣ್ಯಾಕಿ ಅಂದ್ವಿ."

"ಯಾಕ ಉಣ್ಣವಲ್ಲಿ ಅಂತ ಯಾರೂ ಕೇಳಲಿಲ್ಲೇನು?"

"ಇಲ್ಲವಾ. ಯಾರೂ ಕೇಳಲಿಲ್ಲ. ಹೆತ್ತಾಕಿ, ನಾನೂ ಕೇಳಲಿಲ್ಲ."

ಡಾಕ್ಟರು ಒಂದು ಮಾತೂ ಅರ್ಥವಾಗದಿದ್ದರೂ ಪೆನ್ನು ಕೆಳಗಿಟ್ಟರು. ಮಗಳು ಅಜ್ಜಿಯ ಕಡೆ ತಿರುಗಿ ಕೂತಳು.

"ಹಂಗಾರ ನನ್ನ ಕೇಳಜ್ಜಿ."

ಅವ್ವ ಕುರ್ಚಿಯಿಂದ ಜಾರಿ ಇಳಿದು, ಮೊಣಕಾಲು ನೋವನ್ನೂ ಮರೆತು, ಅವಳ ಮುಂದೆ ನೆಲದ ಮೇಲೆ ಕೂತಳು. ಎರಡೂ ಕೈಯಿಂದ ಆ ಸಣ್ಣ ಮುಖವನ್ನು ಹಿಡಿದಳು. "ಯಾಕವಾ ಉಣ್ಣವಲ್ಲಿ ನನ್ನ ಬಂಗಾರ? ಹೇಳು. ಏನಾಗೈತಿ ನಿನಗ?"

"ಗೊತ್ತಿಲ್ಲಜ್ಜಿ. ಉಂಡು ಏನ್ ಮಾಡ್ಲಿ ಅನಸ್ತೈತಿ. ದಿನಾ ಮುಂಜಾನೆ, ಯಾಕರೆ ಎಚ್ಚರಾತು ಅನಸ್ತೈತಿ."

"ಆಕಿ ಹೋದಂಗ ಹೋಗಬೇಕು ಅನಸ್ತೈತೇನು?"

ಮಗಳು ಅಜ್ಜಿಯ ಕಣ್ಣಿನಲ್ಲಿ ಕಣ್ಣಿಟ್ಟು, "ಹ್ಞೂಂ" ಎಂದಳು. ಹೇಳಿದವಳೇ ಅಳತೊಡಗಿದಳು. ಎಷ್ಟೋ ತಿಂಗಳ ಮೇಲೆ ಆ ಮನೆ ಕೆಡವುವ ಗಂಟಲು ನನಗೆ ಕೇಳಿಸಿತು. ಅವ್ವ ಅಳಬೇಡ ಎನ್ನಲಿಲ್ಲ. ಅವಳನ್ನು ಎದೆಗೆ ಒತ್ತಿಕೊಂಡು ತಾನೂ ಬಾಯಿಬಿಟ್ಟು ಅತ್ತಳು. ಯಾರಿಗಾಗಿ ಅಳುತ್ತಿದ್ದಳೋ, ಇಬ್ಬರಿಗೂ ಇರಬೇಕು.

ಡಾಕ್ಟರು ನನ್ನ ಕಡೆ ನೋಡಿದರು. "ಕ್ಯಾ ಬೋಲೀ?" ಏನಂದಳು ಎಂದು ಮೆಲ್ಲಗೆ ಕೇಳಿದರು. ಗಂಡ ಗೋಡೆಯ ಕಡೆ ತಿರುಗಿ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವ್ವನ ಹಿಂದಿ ಖರ್ಚಾಗಿ ಹೋಗಿತ್ತು. ಉಳಿದವಳು ನಾನೊಬ್ಬಳೇ. ನನ್ನ ಹನ್ನೊಂದು ವರ್ಷದ ಮಗಳಿಗೆ ಬದುಕುವುದು ಬೇಡವಾಗಿದೆ ಎಂಬುದನ್ನು ನಾನೇ, ನನ್ನ ಬಾಯಿಂದಲೇ, ಒಂದೊಂದು ಶಬ್ದ ಹುಡುಕಿ ಇನ್ನೊಂದು ಭಾಷೆಯಲ್ಲಿ ಹೇಳಬೇಕಾಗಿತ್ತು. ಸ್ವಲ್ಪ ಬೇಜಾರಾಗಿದ್ದಾಳೆ ಎಂದುಬಿಡಬಹುದಿತ್ತು, ನಾಲಿಗೆ ಆ ಕಡೆಗೇ ಎಳೆಯುತ್ತಿತ್ತು. ಅಜ್ಜಿಯ ಹೆಗಲ ಮೇಲಿನಿಂದ ಮಗಳು ತಲೆಯೆತ್ತಿದಳು. ಮುಖವೆಲ್ಲ ಒದ್ದೆ. ಅವಳ ಹಿಂದಿ ನನ್ನದಕ್ಕಿಂತ ಚೆನ್ನಾಗಿದೆ. ನಾನು ಹೇಳುವಷ್ಟು ಹೊತ್ತೂ ಅವಳು ನನ್ನ ಬಾಯನ್ನೇ ನೋಡುತ್ತಿದ್ದಳು, ತಾನು ಹೇಳಿದ್ದನ್ನು ಅಮ್ಮ ಇದ್ದದ್ದು ಇದ್ದಹಾಗೆ ಹೇಳುತ್ತಾಳೋ ಇಲ್ಲವೋ ಎಂದು.